ಹಲಗೆಯ ಮೇಲೆ ಹೆಚ್ಚಾದ ಒಂದು ಗಂಟೆ

ಜೂನ್ ಹತ್ತು, ಸೋಮವಾರ, ಮಧ್ಯಾಹ್ನ ಮೂರೂಕಾಲಿಗೆ ಮಾರ್ಲ್‌ಥಾರ್ಪ್ ಪೊಲೀಸ್ ಠಾಣೆಗೆ ಜಿಲ್ಲಾ ಆಸ್ಪತ್ರೆಯಿಂದ ಫೋನ್ ಬಂತು. ದೂರು ಕೊಟ್ಟವಳು ಲೆಸ್ಟರ್ ಊರಿನ ರೋಸಲಿಂಡ್ ಪಾರ್ಗೆಟರ್. ಗಂಡ ಕೀತ್ ಜೊತೆ ಒಂದು ವಾರ ಆರಾಮವಾಗಿ ಇದ್ದು ಹೋಗೋಣವೆಂದು ಶನಿವಾರ ಬಂದು, ಕಡಲಂಚಿನ 'ಸೀ ಲ್ಯಾವೆಂಡರ್' ಎಂಬ ಬಾಡಿಗೆ ಕಾಟೇಜ್‌ನಲ್ಲಿ ಇಳಿದಿದ್ದರು. ಆ ದಿನ ಕಡಲು ಇಳಿದಿದ್ದಾಗ ಸೀಲ್ ಎಂಬ ಕಡಲಪ್ರಾಣಿಗಳನ್ನು ನೋಡಲು ಮರಳ ದಿಬ್ಬಕ್ಕೆ ನಡೆದು ಹೋದರು. ವಾಪಸಾಗುವಾಗ ದಿಬ್ಬಕ್ಕೂ ದಡಕ್ಕೂ ನಡುವಿನ ಕಾಲುವೆಗಳಲ್ಲಿ ನೀರು ಏರಿ ದಾರಿ ಮುಚ್ಚಿತ್ತು. ಮುಳುಗುವವರನ್ನು ಕಾಪಾಡುವ ಲೈಫ್‌ಬೋಟ್‌ನವರು ಇಬ್ಬರನ್ನೂ ಎತ್ತಿ ತಂದರು. ಕೀತ್‌ಗೆ ಮಾತ್ರ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

"ಅಡುಗೆಮನೆ ಹಲಗೆ ಮೇಲೆ ಮಧ್ಯಾಹ್ನ ಒಂದು ಗಂಟೆಯೊಳಗೆ ವಾಪಸ್ ಬನ್ನಿ ಅಂತ ಬರ್ದಿತ್ತು. ನಾವು ಹನ್ನೆರಡೂಕಾಲಿಗೇ ತಿರುಗಿದ್ವಿ. ಆಗ್ಲೇ ಸೊಂಟದವರೆಗೆ ನೀರು," ಎಂದಳು ರೋಸಲಿಂಡ್.

ಇನ್‌ಸ್ಪೆಕ್ಟರ್ ಗೇಲ್ ಲಾರ್ನರ್ ದೂರನ್ನು ತಾನೇ ಬರೆದುಕೊಂಡಳು. ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು ಅವಳು, ಈ ನೀರಿನ ಕಳ್ಳಹೆಜ್ಜೆ ಬಲ್ಲವಳು. ನಾಲ್ಕೂವರೆಗೆ ಕಾನ್‌ಸ್ಟೆಬಲ್ ಡೀನ್ ಗಾಟ್ಸ್‌ನೊಡನೆ ಕಾಟೇಜ್‌ಗೆ ಹೋಗಿ ಪಂಚನಾಮೆ ಮಾಡಿದಳು. ಅಡುಗೆಮನೆ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ವಾರದ ಏಳು ದಿನಗಳಿಗೂ ಕಡಲಿನಿಂದ ವಾಪಸಾಗಬೇಕಾದ ಹೊತ್ತು ಬರೆದಿತ್ತು. ಸೋಮವಾರದ ಮುಂದೆ '1ರೊಳಗೆ' ಎಂದಿತ್ತು. ಬಂದರಿನವರ ಉಬ್ಬರವಿಳಿತದ ಪುಸ್ತಕ ತೆಗೆದು ಲೆಕ್ಕ ಹಾಕಿದರೆ ಹನ್ನೆರಡರೊಳಗೆ ಎಂದು ಬರಬೇಕಿತ್ತು. ಉಳಿದ ದಿನಗಳಲ್ಲೂ ಅಷ್ಟೇ, ಒಂದೊಂದು ಗಂಟೆ ಹೆಚ್ಚು.

"ಹಳೇ ಅಭ್ಯಾಸ, ಮೇಡಂ," ಎಂದ ಗಾಟ್ಸ್.

ಅವನು ಹೇಳಿದ್ದು ಊರಿನಲ್ಲಿ ಯಾರಿಗಾದರೂ ಹೊಳೆಯುವ ಮಾತೇ. ಆ ಪುಸ್ತಕದಲ್ಲಿ ತಲೆಮಾರುಗಳಿಂದ ಚಳಿಗಾಲದ ಗಡಿಯಾರದ ಹೊತ್ತನ್ನೇ ಅಚ್ಚು ಹಾಕುತ್ತಿದ್ದರು. ಬೇಸಿಗೆಯಲ್ಲಿ ಗಡಿಯಾರ ಮುಂದಿಟ್ಟ ಮೇಲೆ ಒಂದು ಗಂಟೆ ಕೂಡಿಸಿಕೊಳ್ಳುವುದು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಈ ವರ್ಷ ಯಾವನೋ ಬುದ್ಧಿವಂತ ಆ ಗಂಟೆಯನ್ನು ಅಚ್ಚಿನಲ್ಲೇ ಕೂಡಿಸಿಬಿಟ್ಟಿದ್ದ. ಮರೆತವರು ಇನ್ನೊಮ್ಮೆ ಕೂಡಿಸಿದರೆ ಮುಗಿಯಿತು ಕತೆ.

ಹಲಗೆ ಬರೆಯುವವಳು ಕೆಲಸದ ಆವ್ರಿಲ್ ಮಾಲೆಟ್. ಅರವತ್ತೊಂದು ವಯಸ್ಸು. ಶನಿವಾರ ಹತ್ತಕ್ಕೆ ಹಳೇ ಅತಿಥಿಗಳು ಹೊರಟು ನಾಲ್ಕಕ್ಕೆ ಹೊಸಬರು ಬರುವಷ್ಟರಲ್ಲಿ, ಒಬ್ಬಳೇ ಐದು ಕಾಟೇಜ್ ಗುಡಿಸಿ, ಒರೆಸಿ, ಹಾಸಿಗೆ ಹಾಸುವ ಹೆಂಗಸು. ಅವಳನ್ನು ಕೇಳಿದಾಗ ಮೊದಲು ತಪ್ಪು ಬರೆದಿಲ್ಲವೆಂದಳು. ಆಮೇಲೆ ಅವಳೇ ಮಾತು ತಿರುಗಿಸಿದಳು.

"ಕೂಡಿಸ್ಬಾರ್ದು ಅಂತ ನಂಗೆ ಗೊತ್ತಿತ್ತು ಗೇಲ್. ಆದ್ರೂ ಆ ಗಡಿಬಿಡೀಲಿ ಕೈ ತಾನೇ ಬರ್ದಿರ್ಬೇಕು. ನಾನೇ ಇರ್ಬೇಕು. ಇನ್ಯಾರು ಬರೀತಾರೆ?"

ಬುಧವಾರ ಬೆಳಿಗ್ಗೆ 7:40ಕ್ಕೆ ಕೀತ್ ಪಾರ್ಗೆಟರ್ ತೀರಿಕೊಂಡ. ಪ್ರಕರಣದ ಬಣ್ಣವೇ ಬದಲಾಯಿತು. ಆವ್ರಿಲ್‌ಗೆ ಯಾರೂ ಮುಖದೆದುರು ಒಂದು ಮಾತಾಡಲಿಲ್ಲ. ಆದರೆ ಮಧ್ಯಾಹ್ನದೊಳಗೆ ಮೂರು ಕಾಟೇಜ್‌ನವರು ಕೆಲಸಕ್ಕೆ ಬರಬೇಡವೆಂದು ಹೇಳಿ ಕಳಿಸಿದ್ದರು. ಮೇಲಧಿಕಾರಿಗಳು ಅವಳ ಮೇಲೆ ಆರೋಪಪಟ್ಟಿ ಯಾವಾಗ ಎಂದು ಫೋನ್ ಮಾಡಿದರು. ಲಾರ್ನರ್‌ಗೆ ಮಾತ್ರ ಏನೋ ಒಗ್ಗಲಿಲ್ಲ. ಕೂಡಿಸಬಾರದೆಂದು ಗೊತ್ತಿದ್ದವಳಿಗೆ ಗಡಿಬಿಡಿಯಲ್ಲಿ ಒಂದು ದಿನ ತಪ್ಪಬಹುದು, ಏಳು ದಿನವೂ ತಪ್ಪದೆ ತಪ್ಪು ಮಾಡುವುದು ಹೇಗೆ?

ಗುರುವಾರ ರೋಸಲಿಂಡ್‌ಳ ಪೂರ್ತಿ ಹೇಳಿಕೆ ಪಡೆಯಲು ಕೂತಾಗ, ಕಾಟೇಜ್‌ಗೆ ಬಂದ ಕೂಡಲೇ ಏನೇನು ಮಾಡಿದಿರಿ ಎಂದು ಕೇಳಿದಳು. ಕೆಟಲ್ ಇಟ್ಟೆ ಎಂದಳು ರೋಸಲಿಂಡ್. ಕೀತ್ ಎಂದಿನಂತೆ ಟ್ಯಾಬ್ಲೆಟ್ ಹಿಡಿದು ಮನೆಯೆಲ್ಲ ಫೋಟೋ ತೆಗೆದ. ಹೊರಡುವಾಗ ಅದು ಒಡೆದಿದೆ, ಇದು ಕಲೆಯಾಗಿದೆ ಎಂದು ತಕರಾರು ಬರಬಾರದಂತೆ.

ಶನಿವಾರ ಸಂಜೆ 4:22ರ ಫೋಟೋದಲ್ಲಿ ಅಂಚು ಮುಕ್ಕಾದ ಒಂದು ಚಹಾ ಕಪ್ ಇತ್ತು. ಅದರ ಹಿಂದೆ ಹಲಗೆ. ಸೋಮವಾರ, '12ರೊಳಗೆ'. ಲಾರ್ನರ್ ಅದನ್ನು ಹಿಗ್ಗಿಸಿ ಎರಡು ಸಲ ಓದಿದಳು.

ಅಂದರೆ ಆಮೇಲೆ ಯಾರೋ ಒಳಗೆ ಬಂದು ಅಳಿಸಿ ಬರೆದಿದ್ದರು. ಆ ನಡುವೆ ಮನೆ ಖಾಲಿ ಇದ್ದದ್ದು ಒಮ್ಮೆ ಮಾತ್ರ, ಭಾನುವಾರ ಒಂದರಿಂದ ಮೂರರವರೆಗೆ ದಂಪತಿಗಳು ಪಬ್ಬಿನಲ್ಲಿ ಊಟಕ್ಕೆ ಕೂತಿದ್ದರು. ಬೀಗ ಒಡೆದ ಗುರುತಿಲ್ಲ. ಬಾಗಿಲ ಬಳಿಯ, ಕೀಲಿ ಇಡುವ ಪೆಟ್ಟಿಗೆ ತೆರೆಯುವ ನಂಬರು ಅತಿಥಿಗಳನ್ನು ಬಿಟ್ಟರೆ ಗೊತ್ತಿದ್ದವರು ಮೂವರು. ಮಾಲೀಕ ಆ ದಿನ ಲಂಡನ್‌ನಲ್ಲಿದ್ದ. ಆವ್ರಿಲ್ ಚರ್ಚಿನಲ್ಲಿ ನಲವತ್ತು ಜನರಿಗೆ ಚಹಾ ಬಡಿಸುತ್ತಿದ್ದಳು. ಮೂರನೆಯವನು ಬಾಯ್ಲರ್ ರಿಪೇರಿ ಮಾಡುವ ಪ್ಲಂಬರ್ ವಿಕ್ ಥರ್ಟಲ್, ಸೋಮವಾರ ಆ ದಂಪತಿಗಳನ್ನು ನೀರಿನಿಂದ ಎತ್ತಿದ ಲೈಫ್‌ಬೋಟ್‌ನ ನಾಯಕ.

"ವಿಕ್? ಬೇಲಿಯೇ ಎದ್ದು ಹೊಲ ಮೇಯುತ್ತಾ ಮೇಡಂ?" ಗಾಟ್ಸ್‌ಗೆ ಸಿಟ್ಟೇ ಬಂತು.

ಲಾರ್ನರ್ ಪೆನ್ನು ಕೈಗೆತ್ತಿಕೊಂಡಳು. ಹತ್ತೊಂಬತ್ತು ವರ್ಷದ ಹಿಂದೆ ಅವಳ ತಮ್ಮನನ್ನು ಇದೇ ಕಡಲಿನಿಂದ ಜೀವಂತ ತಂದು ಅಮ್ಮನ ಮಡಿಲಿಗೆ ಹಾಕಿದವನು ವಿಕ್. ಅವನ ಹೆಸರನ್ನು ಶಂಕಿತರ ಪಟ್ಟಿಯಲ್ಲಿ ಬರೆಯುವಾಗ ಅನ್ನ ಹಾಕಿದ ಕೈಯನ್ನೇ ಕಚ್ಚಿದಂತೆ ಅನಿಸಿತು. ಬರೆದಳು.

ಮಧ್ಯಾಹ್ನ ಲೈಫ್‌ಬೋಟ್ ನಿಲ್ಲಿಸುವ ದೋಣಿಮನೆಯ ದಾಖಲೆ ತರಿಸಿದಳು. ಸಹಾಯದ ಕರೆ 12:31ಕ್ಕೆ, ದೋಣಿ ನೀರಿಗಿಳಿದದ್ದು 12:35ಕ್ಕೆ. ನಾಲ್ಕೇ ನಿಮಿಷವೆಂದು ಸ್ಥಳೀಯ ಪತ್ರಿಕೆ ಹೊಗಳಿ ಬರೆದಿತ್ತು. ಗಾಟ್ಸ್ ಆ ಪುಟವನ್ನೇ ನೋಡುತ್ತ ಕೂತ. ಇಲ್ಲಿನ ದೋಣಿಯವರು ಸಂಬಳದವರಲ್ಲ. ಅಂಗಡಿ, ಹೊಲ, ಗ್ಯಾರೇಜ್ ಬಿಟ್ಟು ಓಡಿ ಬಂದು, ದೋಣಿಯನ್ನು ಟ್ರಾಕ್ಟರ್‌ನಲ್ಲಿ ಮರಳ ಮೇಲೆ ಎಳೆಯಬೇಕು. ಎಷ್ಟೇ ಓಡಿದರೂ ಹನ್ನೆರಡು ನಿಮಿಷವಾದರೂ ಬೇಕು. ಟ್ರಾಕ್ಟರ್‌ನವನನ್ನು ವಿಚಾರಿಸಿದಾಗ ಅವನು ಏನೂ ಮುಚ್ಚಿಡಲಿಲ್ಲ. ಸೋಮವಾರ ಹನ್ನೆರಡಕ್ಕೆ ದೋಣಿ ಇಳಿಸುವ ಅಭ್ಯಾಸವಿದೆ ಬನ್ನಿ ಎಂದು ವಿಕ್ ಎಲ್ಲರಿಗೂ ಹೇಳಿದ್ದ. ಅವರ ಅಭ್ಯಾಸ ಇದ್ದದ್ದು ಗುರುವಾರ ಸಂಜೆ ಏಳಕ್ಕೆ, ಅವರಪ್ಪಂದಿರ ಕಾಲದಿಂದಲೂ.

ಶುಕ್ರವಾರ, ಜೂನ್ ಹದಿನಾಲ್ಕು, ಬೆಳಿಗ್ಗೆ ಒಂಬತ್ತಕ್ಕೆ ಹಲಗೆಯ ಮೇಲಿನ ಬೆರಳಚ್ಚಿನ ವರದಿ ಬಂತು. 10:50ಕ್ಕೆ ಲಾರ್ನರ್, ಗಾಟ್ಸ್ ಇಬ್ಬರೂ ದೋಣಿಮನೆಗೆ ಹೋದರು. ವಿಕ್ ದೋಣಿಯ ಹಿತ್ತಾಳೆ ಉಜ್ಜುತ್ತಿದ್ದ.

"ಸೋಮವಾರ ಅಭ್ಯಾಸ ಯಾಕಿತ್ತು ವಿಕ್?"

"ಹವಾ ಚೆನ್ನಾಗಿತ್ತು."

"ಭಾನುವಾರ ಎರಡು ಗಂಟೆಗೆ ಎಲ್ಲಿದ್ರಿ?"

ವಿಕ್ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನೀವು ಸೀ ಲ್ಯಾವೆಂಡರ್‌ಗೆ ಬಾಯ್ಲರ್ ನೋಡೋಕೆ ಹೋಗಿದ್ದು ಮಾರ್ಚ್‌ನಲ್ಲಿ. ಆ ಹಲಗೆ ತಂದು ಹಾಕಿದ್ದು ಮೇ ತಿಂಗಳಲ್ಲಿ. ನಿಮ್ಮ ಹೆಬ್ಬೆಟ್ಟು ಅದರ ಚೌಕಟ್ಟಿನ ಮೇಲೆ ಹೇಗೆ ಬಂತು?"

ವಿಕ್ ಬಟ್ಟೆ ಮಡಿಸಿ ಇಟ್ಟ.

"ಅವರ ಮೊಣಕಾಲು ನೆನೀಬೇಕಿತ್ತು, ಅಷ್ಟೇ ಕಣಮ್ಮ. ಬಂದೋರೆಲ್ಲ ಕಂಬ ನೆಟ್ಟಿರೋ ದಾರೀಲೇ ಬರ್ತಾರೆ. ಇಂಜಿನ್ ಬಿಸಿ ಮಾಡ್ಕೊಂಡು ಹನ್ನೆರಡರಿಂದ ಕಾಯ್ತಾ ನಿಂತಿದ್ದೆ. ಕರೆ ಬರದೆ ದೋಣಿ ಇಳಿಸೋ ಹಾಗಿಲ್ಲ. ಅವರು ಕರೀಲೇ ಇಲ್ಲ. ಆ ಮನುಷ್ಯ ಯಾವ್ದೋ ಹಕ್ಕಿ ಹಿಂದೆ ಪಡುವಣ ಆಳದ ಕಾಲುವೆ ಕಡೆ ಹೋಗಿದ್ನಂತೆ."

ಯಾಕೆ ಕರೆಯಲಿಲ್ಲವೆಂಬುದು ರೋಸಲಿಂಡ್‌ಳ ಹೇಳಿಕೆಯಲ್ಲಿತ್ತು. ಫೋನ್ ಕೈಯಲ್ಲೇ ಇತ್ತು. ಇಷ್ಟಕ್ಕೆಲ್ಲ ಪಾಪ ಅವರಿಗೇಕೆ ತೊಂದರೆ, ನೋಡೋಣ ಇರು ಎಂದು ಕೀತ್ ಕಾಲು ಗಂಟೆ ತಡೆದಿದ್ದ. ಲಾರ್ನರ್ ಅದನ್ನು ವಿಕ್‌ಗೆ ಹೇಳಿದಳು. ಅವನು ಮುಖ ಮುಚ್ಚಿಕೊಂಡ.

ಕಾರಣಕ್ಕಾಗಿ ದೂರ ಹುಡುಕಬೇಕಾಗಿರಲಿಲ್ಲ. ಗೋಡೆಯ ಮೇಲೆಯೇ ಲೈಫ್‌ಬೋಟ್ ಸಂಸ್ಥೆಯ ಮುಖ್ಯ ಕಚೇರಿಯ ಕಾಗದ ಅಂಟಿಸಿತ್ತು. ಕಳೆದ ವರ್ಷ ಈ ದೋಣಿ ಇಳಿದದ್ದು ಮೂರೇ ಸಲ, ಹಾಗಾಗಿ ಸೆಪ್ಟೆಂಬರ್ ಕೊನೆಗೆ ಇಲ್ಲಿನ ದೋಣಿಮನೆ ಮುಚ್ಚುತ್ತದೆ. ಅವನ ಅಜ್ಜ ನಡೆಸಿದ ದೋಣಿ, ಅಪ್ಪ ಅದರಲ್ಲೇ ಸತ್ತಿದ್ದ. ಊರಿಗೆ ದೋಣಿ ಬೇಕೆಂದು ತೋರಿಸಲು ವಿಕ್‌ಗೆ ಮುಳುಗುವವರು ಬೇಕಾಗಿದ್ದರು, ಸಾಯುವವರಲ್ಲ. 11:05ಕ್ಕೆ ಅವನನ್ನು ಬಂಧಿಸಲಾಯಿತು. ಕೋಳ ಹಾಕಲು ಗಾಟ್ಸ್‌ಗೆ ಕೈ ಬರಲಿಲ್ಲ, ಲಾರ್ನರ್ ಒತ್ತಾಯಿಸಲಿಲ್ಲ.

ಠಾಣೆಗೆ ಹೋಗುವ ದಾರಿಯಲ್ಲೇ ಅವಳು ಆವ್ರಿಲ್ ಮನೆಯ ಮುಂದೆ ಇಳಿದು, ಜೀಪನ್ನು ಮುಂದಕ್ಕೆ ಕಳಿಸಿದಳು. ತಪ್ಪು ನಿನ್ನದಲ್ಲ, ನೀನು ಸರಿಯಾಗಿಯೇ ಬರೆದಿದ್ದೆ ಎಂದು ಮೊದಲು ಹೇಳಿದಳು. ಆಮೇಲೆ ಅಳಿಸಿ ಬರೆದವನ ಹೆಸರು ಹೇಳಿದಳು. ಆವ್ರಿಲ್ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿದಳು.

"ಬುಧವಾರ ಸಂಜೆ ಬಂದಿದ್ದ. ಇಲ್ಲೇ ಕೂತು, 'ಅಳಬೇಡ ಆವ್ರಿಲ್, ಯಾರ ಕೈಲಾದ್ರೂ ಆಗೋ ತಪ್ಪು' ಅಂದ," ಎಂದಳು. "ಇಡೀ ಊರಲ್ಲಿ ಅವನೊಬ್ನೇ ಬಂದಿದ್ದು. ಅವನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳ್ದೆ ಗೇಲ್."