ಸೆರಗು ಬಾಕಿ ಇರುವ ಸೀರೆ

"ಮಗ್ಗ ನಿಲ್ಸು, ಮಾರುತೇಶ!"

ಲಾಳಿ ನಡುವೆಯೇ ನಿಂತಿತು.

ಮೊಳಕಾಲ್ಮೂರಿನ ಆ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರ ಮುಂದೆ, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತಿದ್ದ ಮಾರುತೇಶ ತಲೆಯೆತ್ತಿದ. ಬಾಗಿಲಲ್ಲಿ ಸ್ವಪ್ನ! ಹಿಂದಿನ ಸಲ ಬಂದು ಹೋದ ಮೇಲೆ ಎರಡು ವರ್ಷ ಫೋನಿನಲ್ಲಷ್ಟೇ ಕಂಡಿದ್ದ ಮುಖ... ಅವಳು ಅಮೆರಿಕದಿಂದ ಬಂದ ಮೇಲೆ ಇದೇ ಮೊದಲ ಭೇಟಿ.

ಅವನು ನಗಲು ಹೊರಟ. ಆದರೆ ಅವಳ ಕಣ್ಣು ಅವನ ಮೇಲಿರಲಿಲ್ಲ. ಮಗ್ಗದ ಮೇಲಿದ್ದ ಕುಂಕುಮ ಬಣ್ಣದ ರೇಷ್ಮೆಯ ಮೇಲಿತ್ತು.

"ಇದು ಯಾರಿಗೆ?"

"ಇನ್ಯಾರಿಗೆ? ನೀನು ವಾಪಸ್ ಹೋಗೋದ್ರೊಳಗೆ ನಮ್ಮ ಮದ್ವೆ ಅಂತ ನಿಮ್ಮ ಮಾವ ಹೇಳಿ ಕಳ್ಸಿದ್ರು. ಧಾರೆ ಸೀರೆ. ಬೇರೆಯವರ ಕೈಗೆ ಕೊಡ್ಲಿಲ್ಲ, ನಾನೇ ಕೂತೆ. ಸೆರಗು ಒಂದೇ ಬಾಕಿ ಐತೆ."

"ನೇಯ್ಬೇಡ. ನಾನು ಈಗ ಮದ್ವೆ ಆಗಲ್ಲ."

"ಯಾಕೆ?"

ಹೇಳಿಬಿಡಲಾ, ಅಂದುಕೊಂಡಳು ಸ್ವಪ್ನ. ಹೇಳಿದರೆ ಕಾಯುತ್ತೇನೆ ಅನ್ನುತ್ತಾನೆ. ಎಷ್ಟು ವರ್ಷ ಅಂತ ನನಗೇ ಗೊತ್ತಿಲ್ಲದಿರುವಾಗ ಇವನನ್ನು ಹೇಗೆ ಕಾಯಿಸಲಿ?

ಅವಳ ಮೌನವನ್ನು ಅವನು ಬೇರೆಯೇ ರೀತಿಯಲ್ಲಿ ಓದಿಕೊಂಡ.

"ಅಲ್ಲಿ... ಯಾರಾದ್ರೂ ಇದಾರಾ?"

ಸ್ವಪ್ನಳ ಮುಖ ಕೆಂಪಾಯಿತು. "ಇಷ್ಟೇನಾ ನೀನು ನನ್ನ ತಿಳ್ಕೊಂಡಿದ್ದು?"

ತಿರುಗಿ ನೋಡದೆ ಹೊರಟುಹೋದಳು. ಅವನು ಲಾಳಿಯನ್ನು ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಸ್ವಪ್ನಳನ್ನು ಸಾಕಿದ ಸೋದರಮಾವ ಮೂಡಲಗಿರಿಯಪ್ಪ ಅವನನ್ನು ಚಳ್ಳಕೆರೆಯ ಮನೆಗೆ ಕರೆಸಿದ. ಕೈಗೆ ಕಾಫಿ ಲೋಟ ಕೊಟ್ಟು, ಗುಟ್ಟು ಹೇಳುವವನಂತೆ ಮುಂದೆ ಬಾಗಿದ.

"ಒಂದು ದಾರಿ ಐತೆ ನೋಡಪ್ಪಾ. ಗೌರಸಮುದ್ರದ ಮಾರಮ್ಮನ ಗುಡೀಲಿ ತಾಳಿ. ನಾಲ್ಕೇ ಜನ. ಫೋಟೋ ಇಲ್ಲ, ರಿಜಿಸ್ಟ್ರು ಇಲ್ಲ. ಮಾರಮ್ಮ ಏನು ಅಮೆರಿಕಕ್ಕೆ ಫೋನ್ ಮಾಡಿ ಹೇಳ್ತಾಳಾ?"

"ಅಮೆರಿಕದೋರಿಗೆ ಯಾಕೆ ಗೊತ್ತಾಗ್ಬಾರ್ದು?"

"ಅಯ್ಯೋ! ಇವಳು ನಿಂಗೆ ಹೇಳೇ ಇಲ್ವಾ?"

ಸ್ವಪ್ನ ಗೋಡೆಗೆ ಒರಗಿ ನಿಂತಿದ್ದಳು. ಮಾವನೇ ಹೇಳಿದ.

ಅವಳ ಅವ್ವ ರೇಣುಕಮ್ಮ ಟೆಕ್ಸಾಸಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವ್ವನಿಗೆ ಗ್ರೀನ್ ಕಾರ್ಡ್ ಸಿಗುವ ಹೊತ್ತಿಗೆ ಮಗಳಿಗೆ ಇಪ್ಪತ್ತೊಂದು ದಾಟಿತ್ತು, ಜೊತೆಗೆ ಕರೆದೊಯ್ಯುವಂತಿರಲಿಲ್ಲ. ಮದುವೆಯಾಗದ ಮಗಳು ಎಂದು ಅವ್ವ ಬೇರೆ ಅರ್ಜಿ ಹಾಕಿದಳು. ಅದರ ಸರದಿ ಬರಲು ಎಷ್ಟೋ ವರ್ಷ. ಮಗಳು ವಿದ್ಯಾರ್ಥಿ ವೀಸಾದಲ್ಲಿ ಹೋಗಿ, ಹುಲ್ಲುಗಾವಲುಗಳ ಮೇಲೆ ಸಂಶೋಧನೆ ಮಾಡುತ್ತ ಅಲ್ಲೇ ಕಾಯುತ್ತಿದ್ದಳು.

"ಹುಲ್ಲು ಓದಾಕೆ ಅಲ್ಲಿಗೆ ಹೋಗ್ಬೇಕಿತ್ತಾ? ಇಲ್ಲೇ ನಮ್ಮ ಹುಲ್ಲುಗಾವಲು, ವರವು ಕಾವಲ್‌ಗೆ ಹೋಗಿದ್ರೆ ಕುರಿನೇ ಪಾಠ ಹೇಳ್ತಿತ್ತು," ಎಂದು ಗೊಣಗಿ ಮಾವ ಮುಗಿಸಿದ, "ಇವಳು ಮದ್ವೆ ಆದ್ರೆ ಅವತ್ತೇ ಆ ಅರ್ಜಿ ಸತ್ತೋಯ್ತು. ಅದಕ್ಕೇ ಅಂದೆ, ತಾಳಿ ಮಾತ್ರ ಕಟ್ಲಿ. ರಿಜಿಸ್ಟ್ರು ಇಲ್ದಿದ್ರೆ ಅದ್ಯಾವ ಮದ್ವೆ?"

"ತಾಳಿ ಕಟ್ಟಿದ್ರೆ ಮದ್ವೆನೇ ರೀ, ಮಾವ!"

ಅವಳ ದನಿಗೆ ಇಬ್ಬರೂ ಬೆಚ್ಚಿದರು.

"ಆಮೇಲೆ ಮದ್ವೆ ಆಗಿಲ್ಲ ಅಂತ ನಾನು ಸೈನ್ ಹಾಕ್ಬೇಕಾ?"

"ಎಲ್ಲಾರೂ ಹಾಕ್ತಾರೆ ಕಣಮ್ಮಾ..."

"ಹಾಕ್ಲಿ! ಅಲ್ಲಿಗೆ ಹೋಗಿ ಐದು ವರ್ಷ ಆಯ್ತು ಮಾವ. ಜೋರು ಜ್ವರ ಬಂದು ಮಲಗಿದ್ದಾಗ್ಲೂ ಸೆಮಿಸ್ಟರ್ ಬಿಡ್ಲಿಲ್ಲ, ಬಿಟ್ರೆ ವೀಸಾ ಹೋಗುತ್ತೆ ಅಂತ. ಕಾಗದ ಇಲ್ದೆ ಕೆಲಸ ಕೊಡ್ತೀನಿ ಅಂದೋರ ಬಾಗಿಲಿಗೂ ಹೋಗ್ಲಿಲ್ಲ. ಇಷ್ಟು ನೆಟ್ಟಗೆ ನಿಂತೋಳು, ಇವನ ಹೆಂಡ್ತಿ ಆಗಿ, ಇವನೇ ಇಲ್ಲ ಅಂತ ಬರೀಬೇಕಾ? ತಾಳಿ ಬಿಚ್ಚಿ ಸೂಟ್‌ಕೇಸಲ್ಲಿ ಬಚ್ಚಿಡ್ಬೇಕಾ? ಆಗಲ್ಲ. ಆ ದೇಶಕ್ಕೂ ಸುಳ್ಳು ಹೇಳಲ್ಲ, ಇವನನ್ನೂ ಸುಳ್ಳು ಮಾಡಲ್ಲ!"

"ಥೇಟ್ ನನ್ನ ತಂಗಿ," ಎನ್ನುತ್ತ ಮೂಡಲಗಿರಿಯಪ್ಪ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಉಳಿದವರು ಇಬ್ಬರೇ.

"ನಿನ್ನೆ ನಾನು ಹಂಗೆ ಕೇಳ್ಬಾರ್ದಿತ್ತು," ಅಂದ ಮಾರುತೇಶ.

"ಹೌದು. ಕೇಳ್ಬಾರ್ದಿತ್ತು."

"ನೀನೂ ಹೇಳ್ಬೇಕಿತ್ತು."

ಅವಳ ಕಣ್ಣು ತುಂಬಿತು. "ಹೌದು... ಹೇಳ್ಬೇಕಿತ್ತು. ಕೇಳು ಈಗ. ಬರೋ ತಿಂಗಳು ನನ್ನ ವೀಸಾ ಮುಗಿಯುತ್ತೆ. ಅದರೊಳಗೆ ಹೋದ್ರೆ ಓದು ಮುಗಿಯೋವರೆಗೂ ಅಲ್ಲಿರಬಹುದು. ನಡುವೆ ಹೊರಗೆ ಬಂದ್ರೆ, ಗ್ರೀನ್ ಕಾರ್ಡ್ ಅರ್ಜಿ ಇರೋಳಿಗೆ ಮತ್ತೆ ವಿದ್ಯಾರ್ಥಿ ವೀಸಾ ಸಿಗೋದು ಕಷ್ಟ."

"ಮತ್ತೆ... ನಾವು?"

"ಬರೋ ವರ್ಷ ಅವ್ವ ಅಲ್ಲಿನ ಪೌರತ್ವದ ಪರೀಕ್ಷೆ ಬರೀತಾಳೆ. ಪಾಸಾಗಿ ಪ್ರಮಾಣ ತಗೊಂಡ್ರೆ, ಆಮೇಲೆ ನಾನು ಮದ್ವೆ ಆದ್ರೂ ಅರ್ಜಿ ಸಾಯಲ್ಲ. ಸರದಿ ಮಾತ್ರ ಇನ್ನೂ ಉದ್ದ ಆಗುತ್ತೆ."

"ಎಷ್ಟು ಉದ್ದ?"

"ಹತ್ತು ವರ್ಷ ದಾಟಬಹುದು. ಆದ್ರೆ ಅವ್ವ ಪ್ರಮಾಣ ತಗೊಳ್ಳೋ ಹೊತ್ತಿಗೆ ನನ್ನ ಓದೂ ಮುಗಿದಿರುತ್ತೆ. ಇಲ್ಲಿಗೇ ಬರ್ತೀನಿ. ಸರದಿ ಅದರ ಪಾಡಿಗೆ ಅದು ಬರ್ಲಿ. ಅಲ್ಲಿ ಒಬ್ಬಳೇ ಕಾಯೋದನ್ನ ಇಲ್ಲಿ ನಿನ್ನ ಜೊತೆ ಕಾಯ್ತೀನಿ. ಎಲ್ಲರ ಮುಂದೆ, ತಾಳಿ ಹಾಕ್ಕೊಂಡು."

"ನಾನೂ ಕಾಯ್ತೀನಿ," ಅಂದ ಮಾರುತೇಶ.

ಹೊರಡುವ ಹಿಂದಿನ ದಿನ ಅವಳು ಮೊಳಕಾಲ್ಮೂರಿಗೆ ಹೋದಳು. ಅವನು ಕುಂಕುಮ ಬಣ್ಣದ ಮಗ್ಗದ ಮೇಲೆ ಬಿಳಿ ಬಟ್ಟೆ ಹೊದಿಸುತ್ತಿದ್ದ.

"ಇದನ್ನ ಬಿಚ್ಚಿ ಬೇರೆ ಸೀರೆ ಹಾಕಲ್ವಾ?"

"ಇಲ್ಲ. ಸೆರಗು ನೇಯೋವರೆಗೂ ಇದು ಹಿಂಗೇ ಇರುತ್ತೆ."

"ಒಂದು ಮಗ್ಗ ಸುಮ್ನೆ ನಿಲ್ಸಿದ್ರೆ ಊರೋರು ನಗಲ್ವಾ?"

"ನಗ್ಲಿ. ಇನ್ನೊಂದು ಐತಲ್ಲ, ಹೊಟ್ಟೆ ನಡೀತದೆ. ನನ್ನ ಮಗ್ಗ, ನನ್ನಿಷ್ಟ."

ಅವಳು ಬಟ್ಟೆಯ ಇನ್ನೊಂದು ತುದಿ ಹಿಡಿದು ಎಳೆದಳು. ಅದರ ಮೇಲೆ ಇಬ್ಬರ ಬೆರಳೂ ಒಂದಾದವು.

"ಸೆರಗಿಗೆ ಯಾವ ಬಣ್ಣ ಹಾಕ್ಲಿ, ಸ್ವಪ್ನಾ?"

"ಬಂದು ಹೇಳ್ತೀನಿ."

"ಬರ್ತೀಯಾ?"

ಅವಳು ಅಳುತ್ತಲೇ ನಕ್ಕಳು.

"ಸುಳ್ಳು ಹೇಳಲ್ಲ ಅಂದ್ನಲ್ಲ!"