ಆರನೇ ಅಂಕಿ

“ಬೇರೆ ಹುಡುಗಿ ಜೊತೆ ಮದುವೆ ಗೊತ್ತಾದವನನ್ನ ಮನೆಗೆ ಕರೆಸಿ ಆಟದ ಡಬ್ಬ ಜೋಡಿಸ್ಕೋತೀನಿ ಅಂತೀಯಲ್ಲ, ನಿಂಗೆ ಸ್ವಲ್ಪನಾದ್ರೂ ಮಾನ ಇದೆಯಾ?”

ದಮಯಂತಿ ಮಾವಿನಕಾಯಿ ಸಿಪ್ಪೆ ತೆಗೆಯುತ್ತಲೇ ಕೇಳಿದರು, ಮಗಳ ಮುಖ ನೋಡಲಿಲ್ಲ.

“ಅವನನ್ನ ಕರೆಸ್ತಿಲ್ಲಮ್ಮ, ಅವನ ಫೋನನ್ನ ಕರೆಸ್ತಿದ್ದೀನಿ,” ಅಂದಳು ತುಂಗಾ. “ಅದೊಂದೇ ಬರೋ ಹಾಗಿದ್ರೆ ಆಟೋ ಹತ್ತಿಸಿ ಕಳಿಸು ಅಂತಿದ್ದೆ.”

“ಫೋನಿಗೋಸ್ಕರಾನಾ ಕಾಡಿಗೆ ಹಚ್ಕೊಂಡಿರೋದು?”

ಅಮ್ಮಂದಿರ ಬಾಯಲ್ಲಿ ಇಂಥ ಪ್ರಶ್ನೆಗಳು ಎಲ್ಲಿ ಹುಟ್ಟುತ್ತವೋ ದೇವರಿಗೇ ಗೊತ್ತು.

ಆಗಿದ್ದಿಷ್ಟು. ನಾಲ್ಕು ವರ್ಷದ ಕೆಳಗೆ, ತುಂಗಾಗೆ ಉತ್ತಪ್ಪ, ಉತ್ತಪ್ಪನಿಗೆ ತುಂಗಾ ಬಿಟ್ಟರೆ ನಾಗಪುರದಲ್ಲಿ ಉಸಿರಾಡೋಕೆ ಗಾಳಿಯೇ ಇಲ್ಲ ಅನ್ನುವಂಥ ದಿನಗಳಲ್ಲಿ, ಒಂದೇ ವಿಡಿಯೋ ಗೇಮನ್ನ ಇಬ್ಬಿಬ್ಬರು ಯಾಕೆ ಕೊಳ್ಳಬೇಕು ಅಂತ ಇಬ್ಬರಿಗೂ ಸೇರಿಸಿ ಒಂದೇ ಅಕೌಂಟ್ ಮಾಡಿಕೊಂಡಿದ್ದರು. ಇವಳು ಲಕ್ಷ್ಮೀ ನಗರದಲ್ಲಿ, ಅವನು ಕಾಮ್ಟಿಯಲ್ಲಿ ಮಿಲಿಟರಿ ಅಪ್ಪನ ಮನೆಯಲ್ಲಿ. ಕಿವಿಗೆ ಹೆಡ್‌ಫೋನ್, ಮುಂದೆ ಒಂದು ದ್ವೀಪ. ಆ ದ್ವೀಪದಲ್ಲಿ ಇಬ್ಬರೂ ಸೇರಿ ಮನೆ ಕಟ್ಟಿದರು, ಕುರಿ ಸಾಕಿದರು, ಕೆರೆ ತೋಡಿದರು. ಆಟದ ಎರಡನೇ ಭಾಗ ಬಂದ ದಿನ ಹೊಸ ಡಬ್ಬ, ಅಂದರೆ ಕನ್ಸೋಲ್ ತಂದು ಅದರ ಮೇಲೆ ಒಟ್ಟಿಗೇ ಶುರು ಮಾಡೋಣ ಅಂತ ಮಾತೂ ಆಗಿತ್ತು. ಅಕೌಂಟಿಗೆ ಕೊಟ್ಟಿದ್ದು ಅವನ ನಂಬರ್. ಪ್ರೀತಿಯಲ್ಲಿರುವವರಿಗೆ ನಂಬರ್ ಯಾರದ್ದಾದರೇನು!

ಏಳು ತಿಂಗಳ ಕೆಳಗೆ ಅವನು, “ಮನೇಲಿ ಕೊಡವ ಹುಡುಗೀನೇ ಬೇಕಂತೆ ತುಂಗೀ,” ಅಂದ. ಇವಳು, “ಮನೇಲಿ ಬೇಕಂತೆ ಸರಿ, ನಿಂಗೆ?” ಅಂದಳು. ಅವನು ಚಪ್ಪಲಿ ನೋಡಿಕೊಂಡು ನಿಂತ. ಅಲ್ಲಿಗೆ ಮುಗಿಯಿತು.

ಈಗ ಎರಡನೇ ಭಾಗ ಬಂದಿತ್ತು, ಹೊಸ ಕನ್ಸೋಲೂ ಬಂದಿತ್ತು. ಜೂನ್ ಬಿಸಿಲಲ್ಲಿ ಕ್ಯೂ ನಿಂತು ತಂದಿದ್ದಳು. ಅದರಲ್ಲಿ ಹಳೇ ದ್ವೀಪ ಬೇಕೆಂದರೆ ಅಕೌಂಟಿಗೆ ಲಾಗಿನ್ ಆಗಬೇಕು, ಲಾಗಿನ್ ಆಗಬೇಕೆಂದರೆ ಅವನ ಫೋನಿಗೆ ಬರುವ ಆರಂಕಿ ಕೋಡ್ ಬೇಕು. ಗುರುವಾರ ಎದೆ ಗಟ್ಟಿ ಮಾಡಿಕೊಂಡು ಫೋನ್ ಮಾಡಿದಳು. ಬಿಡುಗಡೆಯ ನೂಕುನುಗ್ಗಲು, ಇಡೀ ದೇಶ ಅವತ್ತೇ ಲಾಗಿನ್ ಆಗುತ್ತಿತ್ತು. ಹತ್ತು ನಿಮಿಷಕ್ಕೆ ಸಾಯುವ ಕೋಡ್ ಹನ್ನೊಂದನೇ ನಿಮಿಷಕ್ಕೆ ಬರುತ್ತಿತ್ತು. ಮೂರು ಸಲ ಹೀಗಾದ ಮೇಲೆ ಅವನೇ, “ಭಾನುವಾರ ಬರ್ತೀನಿ, ಪಕ್ಕದಲ್ಲೇ ಕೂತು ಮಾಡೋಣ,” ಅಂದ.

ನಿಜ ಹೇಳಬೇಕೆಂದರೆ, ತುಂಗಾಗೆ ಬೇಕಿದ್ದದ್ದು ದ್ವೀಪವಲ್ಲ. ಮದುವೆ ಆಗ್ಲಿ, ಯಾರ ಜೊತೆ ಬೇಕಾದ್ರೂ ಇರ್ಲಿ, ವಾರಕ್ಕೆ ಎರಡು ಗಂಟೆ ಆ ಹೆಡ್‌ಫೋನಿನಲ್ಲಿ ಅವನ ದನಿ ಕೇಳಿದರೆ ಸಾಕು ಅನ್ನಿಸಿತ್ತು. ಬಾಯಿಬಿಟ್ಟು ಕೇಳಿಯೇಬಿಡೋಣ ಅಂತ ಬೆಳಿಗ್ಗೆ ಕನ್ನಡಿ ಮುಂದೆ ಎರಡು ಸಲ ಹೇಳಿಕೊಂಡಿದ್ದಳು ಕೂಡ. ಅಷ್ಟು ಕೆಳಗೆ ಇಳಿದಿದ್ದಳು ಪಾಪ.

ಮಧ್ಯಾಹ್ನ ಮೂರಕ್ಕೆ ಬಂದ. ತೆಳ್ಳಗಾಗಿದ್ದ. ಉಮರೇಡಿನ ಕಲ್ಲಿದ್ದಲು ಗಣಿಯಲ್ಲಿ ಇಂಜಿನಿಯರ್ ಅಂದ ಮೇಲೆ ಕಪ್ಪಾಗೋದು ಸಹಜ. ಆದರೆ ಆ ಕಪ್ಪಿನಲ್ಲಿ ಹಲ್ಲು ಇಷ್ಟು ಬೆಳ್ಳಗೆ ಕಾಣಬೇಕಾಗಿರಲಿಲ್ಲ.

“ಏನಮ್ಮ, ರಕ್ತ ಹೀರೋಳೇ, ಚೆನ್ನಾಗಿದ್ದೀಯಾ?” ಅಂದ. ತುಂಗಾ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು.

“ಚೆನ್ನಾಗಿದ್ದೀನಿ. ನಿನ್ನದು ಒಂದು ಬಾಟಲಿ ಕೊಟ್ಟು ಹೋಗು, ಇನ್ನೂ ಚೆನ್ನಾಗ್ತೀನಿ.”

ದಮಯಂತಿ ಬಂದು ಮಾವಿನಕಾಯಿ ಪಾನಕ ಇಟ್ಟರು. “ಮದುವೆ ಯಾವಾಗಪ್ಪ?” ಅಂತ ಕೇಳಿ, ಅವನು “ಡಿಸೆಂಬರ್ ಆಂಟಿ” ಅನ್ನುವಷ್ಟರಲ್ಲಿ, “ಒಳ್ಳೇದಾಗ್ಲಿ,” ಅಂತ ಬಾಗಿಲು ಎಳೆದುಕೊಂಡು ಮಲಗೋಕೆ ಹೋದರು. ಬಾಗಿಲು ಸ್ವಲ್ಪ ಜೋರಾಗಿಯೇ ಮುಚ್ಚಿತು.

ಟಿವಿ ಸ್ಟ್ಯಾಂಡ್ ಮುಂದೆ ಮಂಡಿಯೂರಿ ಕೂತ ಉತ್ತಪ್ಪ ಡಬ್ಬವನ್ನು ಮಗುವಿನ ಹಾಗೆ ಎತ್ತಿಕೊಂಡ.

“ಕೂಲರ್ ಎದುರಿಗೇ ಇಟ್ಟಿದ್ದೀಯಲ್ಲೇ! ಒದ್ದೆ ಗಾಳಿ ಒಳಗೆ ಹೋದ್ರೆ ಬೋರ್ಡ್ ಖತಮ್. ಆಫ್ ಮಾಡು.”

“ಹೊರಗೆ ನಲವತ್ತನಾಲ್ಕು ಡಿಗ್ರಿ ಇದೆ ಉತ್ತೂ.”

“ಕನ್ಸೋಲ್ ಬೇಕಾ, ತಣ್ಣಗಿರಬೇಕಾ?”

ಕೂಲರ್ ನಿಂತಿತು. ಮನೆಯೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು. ಅವನ ಕತ್ತಿನ ಹಿಂದೆ ಒಂದು ಬೆವರ ಹನಿ ಹುಟ್ಟಿ, ಯೋಚನೆ ಮಾಡಿ, ಕಾಲರಿನೊಳಗೆ ಇಳಿದದ್ದನ್ನು ತುಂಗಾ ನೋಡಿದಳು. ನೋಡಬಾರದಿತ್ತು. ಅವನು ತಿರುಗಿದ.

“ಏನು ನೋಡ್ತಿದ್ದೀಯ?”

“ವೈರ್.”

“ವೈರ್ ಈ ಕಡೆ ಇದೆ.”

ಕೇಬಲ್ ಹಾಕಿ ಆನ್ ಮಾಡಿದರೆ ಮೊದಲು ಸಿಸ್ಟಮ್ ಅಪ್‌ಡೇಟ್. ಅದು ಮುಗಿದರೆ ಕಂಟ್ರೋಲರಿಗೂ ಒಂದು ಅಪ್‌ಡೇಟ್. “ಕೈಯಲ್ಲಿ ಹಿಡಿಯೋ ವಸ್ತುಗೂ ಅಪ್‌ಡೇಟಾ?” ಅಂದಳು ಇವಳು. “ಮನುಷ್ಯರಿಗೆ ಮಾತ್ರ ಬರಲ್ಲ ನೋಡು,” ಅಂದ ಅವನು. ಅದೂ ಮುಗಿದ ಮೇಲೆ ಲಾಗಿನ್. ಇಬ್ಬರೂ ಅವನ ಫೋನಿನ ಮೇಲೆ ಬಗ್ಗಿ ಕಾದರು, ತಲೆಗೆ ತಲೆ ತಾಗುವಷ್ಟು ಹತ್ತಿರ. ಈ ಸಲ ಕೋಡ್ ಎರಡನೇ ನಿಮಿಷಕ್ಕೇ ಬಂತು. ಅವನು ಓದಿದ, ಇವಳು ಒತ್ತಿದಳು, ದ್ವೀಪ ಬಂತು. ಅದೇ ಕೆರೆ, ಅದೇ ಕುರಿಗಳು.

“ಅಯ್ಯೋ, ನನ್ನ ಕುರಿ ಇನ್ನೂ ಬದುಕಿದೆ!”

“ಹಳೇ ಕನ್ಸೋಲಲ್ಲಿ ನಾನು ದಿನಾ ಹುಲ್ಲು ಹಾಕ್ತಿದ್ದೆ,” ಅಂದಳು ತುಂಗಾ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

ಅವನು ಅವಳ ಹಣೆಗೆ ಅಂಟಿದ್ದ ಕೂದಲನ್ನು ಒಂದೇ ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟ. ಏಳು ತಿಂಗಳು ಎಲ್ಲಿಗೆ ಹೋಯಿತೋ! ಹೊಸ ಆಟದ ಮೊದಲ ದಿನದ ಅಪ್‌ಡೇಟ್ ಮೂವತ್ತು ಪರ್ಸೆಂಟಿನಲ್ಲಿ ತೆವಳುತ್ತಿತ್ತು. ಅದು ಹಾಗೇ ತೆವಳುತ್ತಿರಲಿ, ಜನ್ಮ ಪೂರ್ತಿ ಮೂವತ್ತರಲ್ಲೇ ಇರಲಿ ಅಂತ ತುಂಗಾ ಬೇಡಿಕೊಂಡಳು. ಕನ್ನಡಿ ಮುಂದೆ ಹೇಳಿಕೊಂಡ ಮಾತು ನಾಲಿಗೆಯ ತುದಿಗೇ ಬಂದಿತ್ತು.

ಆಗ ಅವನ ಫೋನ್ ರಿಂಗಾಯಿತು. ಸ್ಕ್ರೀನ್ ಮೇಲೆ ಒಂದು ನಂಬರ್, ಅದರ ಮೇಲೆ ಡಿಸೆಂಬರಿನ ಮದುವೆ ಹುಡುಗಿಯ ಹೆಸರು: ಯಶಿಕಾ.

ಅವನು ಎದ್ದು ಹೋಗಲೂ ಇಲ್ಲ. ಒಂದು ಬೆರಳು ತುಟಿಗಿಟ್ಟು ತುಂಗಾಗೆ ‘ಶ್’ ಅಂದು, ಅಲ್ಲೇ ಕೂತು ಮಾತಾಡಿದ.

“ಹೇಳಮ್ಮಾ... ಇಲ್ಲೇ, ಉಮರೇಡ್‌ನಲ್ಲೇ. ಗಣಿ ಸಿಡಿಸೋ ಬ್ಲಾಸ್ಟಿಂಗ್ ಟೈಮ್ ಕಣೇ, ನೆಟ್‌ವರ್ಕ್ ಹೋಗುತ್ತೆ. ಅರ್ಧ ಗಂಟೆ ಬಿಟ್ಟು ಮಾಡ್ಲಾ? ಊಟ ಮಾಡಿದ್ಯಾ? ಮಾಡು. ನನ್ನಾಣೆ.”

ಎಷ್ಟು ಮೆತ್ತಗಿತ್ತು ಆ ದನಿ! ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ. ತುಂಗಾಗೆ ಅದರ ಒಂದೊಂದು ಅಕ್ಷರವೂ ಬಾಯಿಪಾಠ. ಹೋದ ವರ್ಷದ ಮಳೆಗಾಲ ಪೂರ್ತಿ ಇದೇ ಬ್ಲಾಸ್ಟಿಂಗ್, ಇದೇ ಅರ್ಧ ಗಂಟೆ, ಇದೇ ಊಟ, ಇದೇ ಆಣೆ. ಅವಳು ಆಗೆಲ್ಲ ಊಟ ಮಾಡುತ್ತಿದ್ದಳು ಕೂಡ, ಅವನ ಆಣೆ ಅಂತ.

ಫೋನ್ ಇಟ್ಟ.

“ಉತ್ತೂ, ಬ್ಲಾಸ್ಟಿಂಗ್ ಭಾನುವಾರಾನೂ ಇರುತ್ತಾ?”

“ಯಾಕೆ?”

“ಸುಮ್ನೆ. ನಂಗೂ ಭಾನುವಾರಗಳಲ್ಲೇ ಹೇಳ್ತಿದ್ದೆ ನೀನು.”

ಅವನ ಮುಖದಲ್ಲಿ ಏನೋ ಬಂದು ಹೋಯಿತು. ಸುಳ್ಳು ಹೇಳುವುದಾ ಬೇಡವಾ ಅಂತ ಲೆಕ್ಕ ಹಾಕಿ, ಬೇಡ ಅಂದುಕೊಂಡ ಅಂತ ಕಾಣುತ್ತದೆ.

“ಆಗ ಬರೀ ಕಾಫಿ ಅಷ್ಟೇ ಕಣೇ. ಮನೆಯವರು ಯಶಿಕಾನ ನೋಡ್ಕೊಂಡು ಬಾ ಅಂದ್ರು. ನಿಂಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ...”

“ಎಷ್ಟು ಕಾಫಿ?”

“ತುಂಗೀ.”

“ಎಷ್ಟು ಭಾನುವಾರ ಅಂತ ಕೇಳಿದೆ.”

ಅವನು ಅವಳ ಕೈ ಹಿಡಿದುಕೊಂಡ. ಆಮೇಲೆ, ನಂಬಿ, ಅವಳು ಬೆಳಿಗ್ಗೆ ಕನ್ನಡಿ ಮುಂದೆ ಹೇಳಿಕೊಂಡದ್ದನ್ನೇ ಅವನು ಹೇಳಿದ.

“ಮದುವೆ ಆಗ್ಲೇಬೇಕು, ಆಗುತ್ತೆ. ಆದ್ರೆ ಆಟ ನಿನ್ನ ಜೊತೇನೇ. ಶನಿವಾರ ಎರಡು ಗಂಟೆ, ನೀನೂ ನಾನೂ. ಯಾರಿಗೂ ಗೊತ್ತಾಗಲ್ಲ. ಅವಳಿಗೆ ಇದೆಲ್ಲ ಅರ್ಥಾನೂ ಆಗಲ್ಲ ಬಿಡು. ನನ್ನ ನಂಬರ್ ಹೇಗೂ ಇದೆಯಲ್ಲ ಅಕೌಂಟಲ್ಲಿ. ನೀನು ಎಲ್ಲಿ ಲಾಗಿನ್ ಆದ್ರೂ ನಂಗೇ ಫೋನ್ ಮಾಡ್ಬೇಕು.” ನಕ್ಕ. “ತಪ್ಪಿಸ್ಕೊಳ್ಳೋಕಾಗಲ್ಲ ನೀನು.”

ಅರ್ಧ ಗಂಟೆ ಮೊದಲು ಇದನ್ನೇ ಹೇಳಿದ್ದರೆ ಅವಳು ಅವನ ಕಾಲಿಗೆ ಬೀಳುತ್ತಿದ್ದಳು. ಬಯಸಿದ್ದು ಅಷ್ಟಕ್ಕಷ್ಟೇ ಸಿಕ್ಕಿತ್ತು. ಬಾಯಿಗೆ ಹಾಕಿಕೊಂಡರೆ ಎಂಜಲು.

ತುಂಗಾ ಕೈ ಬಿಡಿಸಿಕೊಂಡು ಕಂಟ್ರೋಲರ್ ಎತ್ತಿಕೊಂಡಳು. ಸೆಟ್ಟಿಂಗ್ಸ್‌ಗೆ ಹೋದಳು. ಒಂದೊಂದೇ ಅಂಕಿಯ ಮೇಲೆ ಬಾಣ ನಿಲ್ಲಿಸಿ ಒತ್ತುತ್ತ ತನ್ನ ನಂಬರ್ ಬರೆದಳು. ಅವನ ಫೋನ್ ಟಿಂಗ್ ಅಂತು.

“ಇದು ಯಾವ ಕೋಡು?”

“ನಿನ್ನ ನಂಬರ್ ತೆಗೆದು ನನ್ನದು ಹಾಕೋಕೆ. ಓದು.”

“ತಮಾಷೆ ಮಾಡ್ಬೇಡ.”

“ಹತ್ತು ನಿಮಿಷ ಇದೆ. ಇಲ್ಲಾಂದ್ರೆ ಯಶಿಕಾಗೆ ಫೋನ್ ಮಾಡಿ, ಉಮರೇಡ್ ಈಗ ಲಕ್ಷ್ಮೀ ನಗರಕ್ಕೆ ಬಂದಿದೆ ಅಂತ ಹೇಳ್ಲಾ? ನಂಬರ್ ಈಗ ತಾನೇ ನಿನ್ನ ಸ್ಕ್ರೀನ್ ಮೇಲೆ ನೋಡಿದೆ. ನನ್ನ ಜ್ಞಾಪಕಶಕ್ತಿ ನಿಂಗೆ ಗೊತ್ತು.”

ಅವನು ಅವಳನ್ನೇ ನೋಡಿದ. ಇವಳು ನಗುತ್ತಿರಲಿಲ್ಲ.

“ನಾಲ್ಕು,” ಅಂದ. “ಒಂದು. ಒಂಬತ್ತು.” ಇವಳು ಒತ್ತುತ್ತ ಹೋದಳು. “ಸೊನ್ನೆ. ಆರು.”

ನಿಲ್ಲಿಸಿ, ಫೋನನ್ನು ಎದೆಗೆ ಬೋರಲು ಒತ್ತಿಕೊಂಡ.

“ಕೊನೇದು?”

“ನನ್ನ ಕಣ್ಣಲ್ಲಿ ಕಣ್ಣಿಟ್ಟು, ನೀನು ಬೇಡ ಅನ್ನು. ಹೇಳ್ತೀನಿ. ಯಾರಿಗೆ ಬೇಕಾದ್ರೂ ಫೋನ್ ಮಾಡು, ಹೋಗ್ಲಿ. ಅದೊಂದು ಮಾತು ನೀನು ಹೇಳಲ್ಲ, ನಂಗೊತ್ತು.”

ಅವನಿಗೆ ಗೊತ್ತಿದ್ದದ್ದು ನಿಜ. ಆ ಮಾತು ಅವಳ ಬಾಯಿಂದ ಬರುವುದಿಲ್ಲ. ಪರದೆಯ ಮೇಲೆ ಐದು ಅಂಕಿ, ಆರನೆಯದರ ಜಾಗದಲ್ಲಿ ಮಿನುಗುವ ಒಂದು ಗೆರೆ. ತಪ್ಪಾದರೆ ಅಕೌಂಟ್ ಮುಚ್ಚುತ್ತದೆ, ಮತ್ತೆ ಅವನ ಫೋನೇ ಬೇಕು. ತುಂಗಾ ಅವನ ಕಡೆ ತಿರುಗಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಳು. ಕಣ್ಣಲ್ಲಿ ಕಣ್ಣಿಟ್ಟಳು.

“ಸೊನ್ನೆ,” ಅಂದಳು.

“ಏನು?”

“ಒಂದು.”

ಕೊನೆಯ ಅಂಕಿಯನ್ನ ತನ್ನ ಮುಖದಲ್ಲಿ ಹುಡುಕುತ್ತಿದ್ದಾಳೆ ಅಂತ ಅವನಿಗೆ ಅರ್ಥವಾಯಿತು. ನಕ್ಕ, ಆದರೆ ಕಣ್ಣು ತೆಗೆಯಲಿಲ್ಲ. ಅದು ಅವನದೇ ಸವಾಲು, ಸೋಲುವ ಜಾಯಮಾನ ಅವನದಲ್ಲ.

“ಎರಡು.” ರೆಪ್ಪೆಯ ತುದಿಯಲ್ಲಿ ಗಣಿಯ ಧೂಳಿನ ಒಂದು ಕಣ. “ಮೂರು.” ಎಡಗಣ್ಣಿನ ಕೆಳಗೆ ಆ ಸಣ್ಣ ಮಚ್ಚೆ, ಅವಳು ಎಷ್ಟೋ ಸಲ ತುಟಿ ತಾಗಿಸಿದ್ದು. “ನಾಲ್ಕು.” ಅವನು ಹುಬ್ಬು ಹಾರಿಸಿದ, ಬೇಕೆಂತಲೇ. “ಐದು.” ಮೋಸದ ಕೆಮ್ಮು. “ಆರು.” ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು, ಮಾವಿನಕಾಯಿ ಏಲಕ್ಕಿಯ ವಾಸನೆ.

“ಏಳು.”

ಹುಬ್ಬು ಹಾರಲಿಲ್ಲ, ಕೆಮ್ಮು ಬರಲಿಲ್ಲ. ಅವನ ದೃಷ್ಟಿ ಮಾತ್ರ ಅವಳ ಕಣ್ಣಿನಿಂದ ತುಟಿಗೆ ಇಳಿದು, ಕೂಡಲೇ ಮೇಲೆ ಬಂತು. ನಾಲ್ಕು ವರ್ಷದಲ್ಲಿ ಅವನು ಏನನ್ನಾದರೂ ಮುಚ್ಚಿಡುವಾಗಲೆಲ್ಲ ಹಾಗೇ ತುಟಿ ನೋಡುತ್ತಿದ್ದ. ಅದನ್ನು ಪ್ರೀತಿ ಅಂತ ಇವಳು ತಿಳಿದುಕೊಂಡಿದ್ದಳು.

“ಎಂಟು,” ಅಂದಳು, ಸುಮ್ಮನೆ. ಅವನ ಭುಜ ಸಡಿಲವಾಯಿತು.

ತುಂಗಾ ತಿರುಗಿ ಏಳು ಒತ್ತಿದಳು. ಹಸಿರು ಟಿಕ್. ಅವನ ಎದೆಯ ಮೇಲೆ ಫೋನ್ ಒಮ್ಮೆ ನಡುಗಿತು, ಈ ನಂಬರನ್ನು ತೆಗೆದುಹಾಕಲಾಗಿದೆ ಅಂತ.

“ನಾನು ಹೇಳ್ಲೇ ಇಲ್ವಲ್ಲೇ,” ಅಂದ ಉತ್ತಪ್ಪ. ದನಿಯಲ್ಲಿ ಬೆಣ್ಣೆ ಇರಲಿಲ್ಲ.

“ನೀನು ಯಾವತ್ತು ಹೇಳಿದ್ದೆ?”

ಅವನು ಎದ್ದ. ಬಾಗಿಲ ಬಳಿ ಹೋಗಿ ಶೂ ಹಾಕಿಕೊಂಡ. ಲೇಸ್ ಕಟ್ಟಲು ಬಗ್ಗಿದ್ದಲ್ಲಿಂದಲೇ ಕೇಳಿದ, “ಪ್ರೀತಿ ಅನ್ನೋದು ಇತ್ತಾ ತುಂಗೀ ನಿಂಗೆ? ಇದ್ದವಳು ಹೀಗೆ ಮಾಡ್ತಾಳಾ?”

“ಇದ್ದಿದ್ದಕ್ಕೇ ಏಳು ಅಂತ ಗೊತ್ತಾಗಿದ್ದು, ಉತ್ತೂ. ಇನ್ನೂ ಇರೋದಕ್ಕೆ. ಬಾಗಿಲು ಮುಚ್ಕೊಂಡು ಹೋಗು, ಬಿಸಿ ಗಾಳಿ ಬರುತ್ತೆ.”

ಅವನು ಮೆಟ್ಟಿಲಿಳಿದ ಸದ್ದು ಮುಗಿಯುವ ತನಕ ಅವಳು ಕದಲಲಿಲ್ಲ. ಅಪ್‌ಡೇಟ್ ನೂರಕ್ಕೆ ಬಂದು, ಶುರು ಮಾಡಲು ಬಟನ್ ಒತ್ತಿ ಅಂತ ಪರದೆ ಕಾಯುತ್ತಿತ್ತು. ಕಂಟ್ರೋಲರ್ ಒದ್ದೆಯಾಗಿತ್ತು, ಬೆವರಂತೂ ಅಲ್ಲ. ಹೊಸ ವಸ್ತು, ನೀರು ಒಳಗೆ ಹೋಗಬಾರದು ಅಂತ ಅವಳು ಅದನ್ನು ಕುರ್ತಾದ ಅಂಚಿನಿಂದ ಗಟ್ಟಿಯಾಗಿ ಒರೆಸಿದಳು. ಒರೆಸುವಾಗ ಬಟನ್ ಒತ್ತಿ ಹೋಯಿತು, ಆಟ ಶುರುವಾಯಿತು.