ಮೂರು ಮಾಸಾಶನಗಳ ಮನೆ

ಮಾರ್ಚ್ ಹನ್ನೊಂದು, ಬುಧವಾರ, ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಳಮನೆಯ ಹೆಂಗಸು ನಮ್ಮ ಬಾಗಿಲು ಬಡಿದಳು. ಕ್ವಾರಿಯಲ್ಲಿ ಕಲ್ಲು ಒಡೆದು ಶ್ವಾಸಕೋಶದ ತುಂಬ ದೂಳು ಕಟ್ಟಿಕೊಂಡಿದ್ದ ಅವಳ ಗಂಡ, ಮೂಗಿನಲ್ಲಿ ಆಮ್ಲಜನಕದ ನಳಿಗೆ ಇದ್ದಂತೆಯೇ ಸತ್ತುಹೋಗಿದ್ದ. ಸಿಲಿಂಡರ್ ಇನ್ನೂ ಅರ್ಧ ತುಂಬಿತ್ತು. ಯಾರೋ ಅದನ್ನು ಮುಚ್ಚಿದ್ದರು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು, ಡಾಕ್ಟರಮ್ಮನ ಬಾಡಿಗೆದಾರ. ಡಾಕ್ಟರಮ್ಮ ನಿವೃತ್ತರಾಗುವವರೆಗೆ ಸರ್ಕಾರದ ವೈದ್ಯಕೀಯ ಮಂಡಳಿಯಲ್ಲಿ ಕೂತು, ಯಾರ ಅಂಗ ಎಷ್ಟು ಊನ ಎಂದು ಅಳೆದವರು. ಬೀದಿಯವರು ಬೆನ್ನ ಹಿಂದೆ ‘ಪರ್ಸೆಂಟಮ್ಮ’ ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ, "ನನ್ನಿಂದ ಕಡಿಮೆ ಪರ್ಸೆಂಟ್ ಹಾಕಿಸಿಕೊಂಡೋರೇ ಆ ಹೆಸರು ಇಟ್ಟಿರಬೇಕು" ಎಂದು ನಕ್ಕಿದ್ದರು. ಪೊಲೀಸರಿಗೆ ಯಾವುದಾದರೂ ಕೇಸು ಸಿಕ್ಕಾಗಿ ಕಂಡರೆ ಇವರನ್ನು ಕೇಳುವುದು ರೂಢಿಯಾಗಿತ್ತು.

ಈ ಸಲ ನಾವಿಬ್ಬರೂ ಕೆಳಗಿಳಿದು ಬಂದು ಅಲ್ಲೇ ಇದ್ದೆವು, ಆದರೆ ಇನ್‌ಸ್ಪೆಕ್ಟರಿಗೆ ಸಿಕ್ಕೇ ಕಾಣಲಿಲ್ಲ. ಬೀದಿಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಮನೆಯಲ್ಲಿದ್ದವರು ಸತ್ತವನು, ಪಕ್ಕದ ಕೋಣೆಯಲ್ಲಿ ಮಲಗಿದ್ದ ಹೆಂಡತಿ, ನಡುಮನೆಯಲ್ಲಿ ಮಲಗಿದ್ದ ಅವನ ಅಣ್ಣ, ಮೂವರೇ. ಸಿಲಿಂಡರಿನ ಕೈಚಕ್ರವನ್ನು ಎಷ್ಟು ಬಿಗಿದಿದ್ದರೆಂದರೆ ಹೆಂಡತಿಯಿಂದ ತಿರುಗಿಸಲಾಗದೆ, ಪೇದೆಯೊಬ್ಬ ಸ್ಪ್ಯಾನರ್ ಹಾಕಿ ಬಿಚ್ಚಿದ್ದ. ಆ ಸ್ಪ್ಯಾನರ್ ಸಿಕ್ಕಿದ್ದು ಅವಳದೇ ಅಡುಗೆಮನೆಯಲ್ಲಿ. ಬಿಗಿದದ್ದೂ ಅದರಿಂದಲೇ, ಸಾಯಂಕಾಲ ಅವಳನ್ನು ಕರೆದೊಯ್ಯುತ್ತೇನೆ ಎಂದರು ಇನ್‌ಸ್ಪೆಕ್ಟರ್.

ಅಣ್ಣನನ್ನು ಎಲ್ಲರೂ ಗಡಿಯಾರದಣ್ಣ ಅನ್ನುತ್ತಿದ್ದರು. ಕೈಗಡಿಯಾರದ ಕಾರ್ಖಾನೆಯಲ್ಲಿ ಆಸಿಡ್ ಬಿದ್ದು ಅವನ ಎರಡೂ ಕೈ ಸುಟ್ಟಿತ್ತು. ಅಂಗಿಯ ಗುಂಡಿಯನ್ನು ಕಣ್ಣಿಟ್ಟು ನೋಡುತ್ತಲೇ ಹಾಕಿಕೊಳ್ಳುತ್ತಿದ್ದ. ಪೇದೆ ಕಾಗದದ ಲೋಟದಲ್ಲಿ ಕೊಟ್ಟ ಚಹಾ ಅವನ ಕೈಯಲ್ಲಿ ನಿಲ್ಲಲಿಲ್ಲ. ಲೋಟ ಮುದ್ದೆಯಾಗಿ ಚಹಾವೆಲ್ಲ ಮೊಣಕೈವರೆಗೆ ಹರಿಯಿತು.

"ಪಾಪ, ಕೈಯೇ ಇಲ್ಲದ ಹಾಗೆ. ಸರ್ಕಾರ ಸುಮ್ನೆ ಪಿಂಚಣಿ ಕೊಡುತ್ತಾ?" ಎಂದರು ಇನ್‌ಸ್ಪೆಕ್ಟರ್.

"ಯಾವ ಪಿಂಚಣಿ?" ಎಂದರು ಡಾಕ್ಟರಮ್ಮ.

"ಅದೇ ಮೇಡಂ, ಅಂಗವಿಕಲರದ್ದು."

"ಯಾವುದು ಅಂತ ಕೇಳಿದೆ."

ಇನ್‌ಸ್ಪೆಕ್ಟರಿಗೆ ಅದು ಗೊತ್ತಿರಲಿಲ್ಲ. ಡಾಕ್ಟರಮ್ಮ ಹೆಂಡತಿಯ ಪಕ್ಕ ಕೂತು ಮೆಲ್ಲಗೆ ವಿಚಾರಿಸಿದರು. ಭಾವನ ಪಿಂಚಣಿಯನ್ನು ಮನೆಯ ವರಮಾನಕ್ಕೆ ಸೇರಿಸಿ ಗಂಡನ ಮಾಸಾಶನ ನಿಲ್ಲಿಸುತ್ತೇವೆಂದು ಕಚೇರಿಯವರು ಹೇಳಿದ್ದರಂತೆ; ಗಂಡ ಅಣ್ಣನಿಗೆ ಬೇರೆ ಕಡೆ ಕೋಣೆ ನೋಡಿಕೋ ಅಂದಿದ್ದನಂತೆ. ಡಾಕ್ಟರಮ್ಮ ಕೈಚಕ್ರವನ್ನು ಭೂತಗನ್ನಡಿಯಲ್ಲಿ ನೋಡಿ, ನನಗೂ ತೋರಿಸಿದರು. ಮೆದು ಅಲ್ಯುಮಿನಿಯಂ ಮೇಲೆ ಸ್ಪ್ಯಾನರ್ ಕಚ್ಚಿದ ಗೀರುಗಳಿದ್ದವು, ಎಲ್ಲವೂ ಬಿಚ್ಚುವ ದಿಕ್ಕಿಗೆ.

ಸಾಯಂಕಾಲ ಡಾಕ್ಟರಮ್ಮ ಆ ಮನೆಯ ನಡುಮನೆಯಲ್ಲೇ ಎಲ್ಲರನ್ನೂ ಕೂರಿಸಿದರು. ಚೀಲದಿಂದ ಕೈಹಿಡಿತ ಅಳೆಯುವ ತಮ್ಮ ಹಳೆಯ ಯಂತ್ರ ತೆಗೆದು ಹೆಂಡತಿಗೆ ಕೊಟ್ಟು, ಇರುವ ಬಲವೆಲ್ಲ ಹಾಕು ಎಂದರು. ಮುಳ್ಳು ಹದಿನಾರು ಕಿಲೋಗೆ ಹೋಗಿ, ಕೈ ಬಿಟ್ಟ ಮೇಲೂ ಅಲ್ಲೇ ನಿಂತಿತು. ಆಮೇಲೆ ಮುಳ್ಳನ್ನು ಸೊನ್ನೆಗೆ ತಂದು ಗಡಿಯಾರದಣ್ಣನ ಕಡೆ ತಿರುಗಿದರು.

"ನೀವು ಆ ಕಡೆ ಮುಖ ಮಾಡಿ. ಬಲ ಹಾಕೋದು ಬೇಡ. ಮೊಟ್ಟೆ ಹಿಡಿದ ಹಾಗೆ ಮೆತ್ತಗೆ ಹಿಡೀರಿ, ಸಾಕು."

ಅವನು ಹಿಡಿದ. ಡಾಕ್ಟರಮ್ಮ ಮುಳ್ಳನ್ನು ನೋಡಿ, ಯಂತ್ರವನ್ನು ಮಗುಚಿ ನನ್ನ ತೊಡೆಯ ಮೇಲಿಟ್ಟರು.

"ಈ ಮನೆಗೆ ಸರ್ಕಾರದಿಂದ ಮೂರು ಬಗೆಯ ಹಣ ಬರ್ತಿತ್ತು" ಎಂದು ಶುರು ಮಾಡಿದರು. ಸತ್ತವನದು ಬಡತನ ನೋಡಿ ಕೊಡುವುದು. ಒಂದೇ ಸೂರಿನಡಿ ಇರುವವರ ವರಮಾನವೆಲ್ಲ ಅದರ ಲೆಕ್ಕಕ್ಕೆ ಬರುತ್ತದೆ. ಹೆಂಡತಿಯದು ಆರೈಕೆಯ ಭತ್ಯೆ. ರೋಗಿ ಸತ್ತ ದಿನವೇ ನಿಲ್ಲುತ್ತದೆ. ವಿಧವೆಗೆ ದಾಟುವಂಥದ್ದು ಎರಡರಲ್ಲಿ ಒಂದೂ ಅಲ್ಲ. ಆದ್ದರಿಂದ ಗಂಡನ ಸಾವಿನಿಂದ ಅವಳಿಗೆ ಎರಡೂ ಹೋದವು. ಮೂರನೆಯದು ಅಣ್ಣನದು, ಸಂಬಳದಲ್ಲಿ ಕಂತು ಹಿಡಿದ ವಿಮೆಯ ಪಿಂಚಣಿ.

"ಅದು ಕೈಗೆ ಬಲ ಇದೆಯಾ ಅಂತ ಕೇಳೋದೇ ಇಲ್ಲ, ಇನ್‌ಸ್ಪೆಕ್ಟರೇ. ತನ್ನ ಕಸುಬು ಮಾಡೋಕಾಗುತ್ತಾ ಅಂತ ಮಾತ್ರ ಕೇಳುತ್ತೆ. ಚರ್ಮದ ಸ್ಪರ್ಶ ಹೋದ ಬೆರಳಲ್ಲಿ ಗಡಿಯಾರದ ತಿರುಪು ಹಿಡಿಯೋಕಾಗಲ್ಲ. ಸ್ನಾಯು ಮಾತ್ರ ನೆಟ್ಟಗಿದೆ. ಬಲವಿಲ್ಲದ ಕೈಯಿಂದ ಲೋಟ ಜಾರುತ್ತೆ. ಇವರ ಕೈಯಲ್ಲಿ ಮುದ್ದೆ ಆಯ್ತು."

ಸ್ಪ್ಯಾನರ್ ಗೀರು ಒಂದೇ ದಿಕ್ಕಿಗಿದ್ದುದರಿಂದ ಚಕ್ರವನ್ನು ಬಿಗಿದದ್ದು ಬರಿಗೈ. ಕೊಲ್ಲಲು ಅಷ್ಟು ಬಿಗಿಯಬೇಕಿರಲಿಲ್ಲ, ಸುಮ್ಮನೆ ಮುಚ್ಚಿದ್ದರೆ ಸಾಕಿತ್ತು. ಎಷ್ಟು ಬಿಗಿದೆ ಎಂದು ಬೆರಳಿಗೆ ತಿಳಿಯದವನು ಮಾತ್ರ ಹಾಗೆ ಬಿಗಿಯುತ್ತಾನೆ.

ಗಡಿಯಾರದಣ್ಣ ತನ್ನ ಕೈಗಳನ್ನೇ ನೋಡುತ್ತಿದ್ದ. "ಮುಚ್ಚಿತೋ ಇಲ್ಲವೋ ಅಂತಾನೇ ಗೊತ್ತಾಗ್ಲಿಲ್ಲ" ಎಂದ ಕೊನೆಗೆ. "ನಾನೆಲ್ಲಿಗೆ ಹೋಗ್ಲಿ? ಈ ಕೈಗೆ ಯಾರು ಅನ್ನ ಕಲಸಿ ಕೊಡ್ತಾರೆ? ಅವನೇ ಇಲ್ಲದಿದ್ರೆ, ಅವನ ಮಾಸಾಶನಕ್ಕೆ ನನ್ನ ಲೆಕ್ಕ ಯಾರು ಹಿಡೀತಾರೆ ಅಂದ್ಕೊಂಡೆ."

"ದಿನಾ ನಾನೇ ಕಲಸಿ ಕೊಡ್ತಿದ್ದೆನಲ್ಲ ಭಾವ" ಎಂದಳು ಅವಳು. "ನನ್ನನ್ನ ಹಿಡ್ಕೊಂಡು ಹೋಗ್ತೀವಿ ಅಂದಾಗ್ಲೂ ಸುಮ್ನೇ ಕೂತಿದ್ರಲ್ಲ."

ಗಡಿಯಾರದಣ್ಣನನ್ನು ಕರೆದೊಯ್ದ ಮೇಲೆ ನನ್ನ ತೊಡೆಯ ಮೇಲಿದ್ದ ಯಂತ್ರವನ್ನು ತಿರುಗಿಸಿ ನೋಡಿದೆ. ಅವನು ಮೆತ್ತಗೆ ಹಿಡಿದದ್ದು ಇಪ್ಪತ್ತೇಳು ಕಿಲೋ.